ಕಲಬುರಗಿಯಿಂದ ನೈಲ್ ನದಿಗೆ: ಗುಂಪು ಕಟ್ಟಿಕೊಂಡು ಹೋಗುವುದು ಹೇಗೆ

ಈಜಿಪ್ಟಿನ ನೈಲ್ ನದಿಯ ಹಡಗು ಪ್ರವಾಸಕ್ಕೆ ದುಡ್ಡು ಕಟ್ಟುವ ಮೊದಲು ನಿಮ್ಮ ಗುಂಪನ್ನು ಒಂದು ದಿನ ನಮ್ಮ ಜಿಲ್ಲೆಯ ಸನ್ನತಿಗೆ ಕರೆದುಕೊಂಡು ಹೋಗಿ. ನಗಬೇಡಿ. ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ನಮ್ಮ ಓಣಿಯ ಪ್ರವಾಸಗಳ ಲೆಕ್ಕಪತ್ರ ನನ್ನ ಕೈಗೇ ಬಂದಿದೆ. ಈಜಿಪ್ಟಿನ ಮಾತು ಬಂದಾಗ ನಾನು ಹಿಡಿದ ಹಟ ಇದೊಂದೇ.

ಬೆಳಿಗ್ಗೆ ಐದಕ್ಕೆ ಟೆಂಪೋ ಟ್ರಾವೆಲರ್ ಗಾಡಿ ಸೂಪರ್ ಮಾರ್ಕೆಟ್ ಹತ್ತಿರ ಬಂದು ನಿಲ್ಲಲಿ. ಯಾರು ಐದಕ್ಕೆ ಬಂದರು, ಯಾರು ಮುಕ್ಕಾಲು ತಾಸು ಬಿಟ್ಟು "ಚಹಾ ಕುಡಿದು ಬಂದೆ ರೀ" ಅಂದರು, ಸುಮ್ನೆ ಬರೆದಿಟ್ಟುಕೊಳ್ಳಿ. ಸನ್ನತಿಯಲ್ಲಿ ಭೀಮಾ ನದಿಯ ದಂಡೆ ಇದೆ, ಚಂದ್ರಲಾಂಬಾ ಗುಡಿ ಇದೆ, ಪಕ್ಕದಲ್ಲೇ ಕನಗನಹಳ್ಳಿಯ ಬೌದ್ಧ ಸ್ತೂಪ. 'ರಾಯ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲೇ. ಬಿಸಿಲಲ್ಲಿ ಎರಡು ತಾಸು ಅಡ್ಡಾಡಿಸಿ. ಯಾರ ಮೊಣಕಾಲು ಹಿಡಿಯಿತು, ಯಾರು ಮುರಿದ ಕಲ್ಲಿನ ಮುಂದೆ ನಿಂತು ಪ್ರಶ್ನೆ ಕೇಳಿದರು, ಯಾರು "ಊಟ ಎಲ್ಲಿ?" ಅಂತ ಮಾತ್ರ ಕೇಳಿದರು, ಎಲ್ಲಾ ಗೊತ್ತಾಗುತ್ತದೆ. ಈ ಪಟ್ಟಿ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಗುಂಪು ಹನ್ನೆರಡು, ಹದಿನಾಲ್ಕು ಮಂದಿಯದ್ದಾದರೆ ಚೆನ್ನ. ಒಂದೇ ಮಿನಿಬಸ್ಸು, ಒಬ್ಬನೇ ಗೈಡು ಸಾಕು. ಬೆಸ ಸಂಖ್ಯೆ ಬೇಡ. ಹಡಗಿನ ಕೋಣೆ ಇಬ್ಬರಿಗೆ ಅಂತಲೇ ಇರುತ್ತದೆ. ಒಬ್ಬರೇ ಇದ್ದರೆ ಜಾಸ್ತಿ ದುಡ್ಡು. ಯಾರ ಜೊತೆ ಯಾರು ಅನ್ನುವುದನ್ನು ಕಲಬುರಗಿಯಲ್ಲೇ ತೀರ್ಮಾನಿಸಿ. ವೈನಿ ಗೊರಕೆ ಹೊಡೆಯುತ್ತಾರೆ ಅನ್ನುವ ವಿಷಯ ಹಡಗು ಹತ್ತಿದ ಮೇಲೆ ಚರ್ಚೆಗೆ ಬರಬಾರದು.

ಹೋಗುವ ಕಾಲ ನವೆಂಬರಿನಿಂದ ಫೆಬ್ರವರಿ. "ನಮಗೇನು ಬಿಸಿಲು ಹೊಸದೇ? ಮೇ ತಿಂಗಳು ಅಗ್ಗ ಅದಲ್ಲ?" ಅನ್ನುವ ಕಾಕಾ ಒಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಮೇ ತಿಂಗಳಲ್ಲಿ ನಾವು ಫ್ಯಾನಿನ ಕೆಳಗೆ ಕೂತಿರುತ್ತೇವೆ, ಅಲ್ಲಿ ಕಾದ ಕಲ್ಲಿನ ಮೇಲೆ ನಡೆಯಬೇಕು. ಗುಂಪಿನಲ್ಲಿ ಹೊಲ ಇದ್ದವರಿದ್ದರೆ ತೊಗರಿ ರಾಶಿಯ ದಿನಗಳನ್ನು ಬಿಟ್ಟು ತಾರೀಖು ಹಿಡಿಯಿರಿ, ಇಲ್ಲದಿದ್ದರೆ ಅವರ ಜೀವ ಹೊಲದಲ್ಲೇ ಇರುತ್ತದೆ. ರಂಜಾನ್ ಯಾವಾಗ ಅನ್ನುವುದನ್ನೂ ನೋಡಿ. ಆ ತಿಂಗಳು ಸ್ಮಾರಕಗಳನ್ನು ಬೇಗ ಮುಚ್ಚುತ್ತಾರೆ.

ದಾರಿ ಎರಡು. ರೈಲಿನಲ್ಲಿ ಮುಂಬೈಗೆ ಹೋಗಿ ಅಲ್ಲಿಂದ ನೇರ ಕೈರೋ ವಿಮಾನ ಹಿಡಿಯಬಹುದು. ಇಲ್ಲವೇ ಹೈದರಾಬಾದಿಗೆ ರಸ್ತೆಯಲ್ಲಿ ಹೋಗಿ ಕೊಲ್ಲಿ ದೇಶವೊಂದರಲ್ಲಿ ವಿಮಾನ ಬದಲಿಸಬಹುದು. ವಯಸ್ಸಾದವರು ಜಾಸ್ತಿ ಇದ್ದರೆ ಹೈದರಾಬಾದೇ ಮೇಲು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕು. ವೀಸಾ ಇಲ್ಲಿಂದಲೇ ಮಾಡಿಸಿಕೊಳ್ಳಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ನಮ್ಮ ಕಡೆ ಒಬ್ಬರಿಗೇ ಮೂರು ಕಾಗದದಲ್ಲಿ ಮೂರು ಹೆಸರು ಇರುತ್ತದೆ, ಕೌಂಟರಿನಲ್ಲಿ ಕೂತು ಎಷ್ಟು ನೋಡಿಲ್ಲ ನಾನು!

ಈಗ ಹಡಗು. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಹರಿವಿನ ಲೆಕ್ಕದಲ್ಲಿ ಆಸ್ವಾನ್ ಊರು ಮೇಲೆ, ಲಕ್ಸರ್ ಕೆಳಗೆ. ಆಸ್ವಾನಿನಿಂದ ಲಕ್ಸರ್‌ಗೆ ಸಾಮಾನ್ಯವಾಗಿ ಮೂರು ರಾತ್ರಿ, ಲಕ್ಸರಿನಿಂದ ಹತ್ತಿದರೆ ನಾಲ್ಕು. ನನ್ನ ಆಯ್ಕೆ ಆಸ್ವಾನಿನಿಂದ ಹತ್ತುವುದು. ಕಾರಣ ಲಕ್ಸರಿನ ಕಾರ್ನಾಕ್ ದೇವಸ್ಥಾನ. ಅಲ್ಲಿನ ಒಂದೇ ಸಭಾಂಗಣದಲ್ಲಿ 134 ಕಂಬಗಳಿವೆ. ಅದನ್ನು ಮೊದಲ ದಿನವೇ ನೋಡಿಬಿಟ್ಟರೆ ಉಳಿದ ದೇವಸ್ಥಾನಗಳು ಸಪ್ಪೆ ಅನ್ನಿಸುತ್ತವೆ.

ಕೋಣೆ ಕಾಯ್ದಿರಿಸುವಾಗ ಆದಷ್ಟು ಮೇಲಿನ ಅಂತಸ್ತು ಕೇಳಿ. ದಂಡೆಯಲ್ಲಿ ಹಡಗುಗಳು ಒಂದರ ಪಕ್ಕ ಒಂದು ಅಂಟಿಕೊಂಡು ನಿಲ್ಲುತ್ತವೆ. ಆಗ ಕಿಟಕಿ ತೆರೆದರೆ ಪಕ್ಕದ ಹಡಗಿನವರ ಕೋಣೆ ಕಾಣುತ್ತದೆ. ದಂಡೆಗೆ ಇಳಿಯಲು ಬೇರೆ ಹಡಗುಗಳ ಒಳಗಿಂದಲೇ ದಾಟಬೇಕು. ವಾಪಸ್ ಬರುವಾಗ ಎಲ್ಲಾ ಒಂದೇ ಥರ ಕಾಣುತ್ತವೆ, ಅದಕ್ಕೇ ನಿಮ್ಮ ಹಡಗಿನ ಹೆಸರು ಪ್ರತಿಯೊಬ್ಬರ ಕಿಸೆಯಲ್ಲೂ ಚೀಟಿ ಬರೆದು ಇಡಿ. ಮೇಲಿನ ಡೆಕ್‌ನಲ್ಲಿ ರಾತ್ರಿ ಚಳಿ ಇರುತ್ತದೆ. ಒಂದು ಶಾಲು ಬೇಕೇ ಬೇಕು.

ಆಸ್ವಾನಿನಿಂದ ಅಬು ಸಿಂಬೆಲ್ ಗುಡಿ ಸುಮಾರು 280 ಕಿಲೋಮೀಟರ್. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಹೊರಡಬೇಕು. ಸನ್ನತಿಯ ಪಟ್ಟಿ ಈಗ ತೆಗೆಯಿರಿ. ಅವತ್ತು ತಡವಾಗಿ ಬಂದವರು ಹಡಗಿನಲ್ಲೇ ಮಲಗಲಿ, ಉಳಿದವರು ಹೋಗಲಿ. ಯಾರಿಗೂ ಬೇಸರ ಆಗುವುದಿಲ್ಲ, ನಿಜವಾಗಿ ಅವರಿಗೂ ಮಲಗುವುದೇ ಬೇಕಿರುತ್ತದೆ. ಹೋದವರಿಗೆ ಮಾತ್ರ ಈ ಕಥೆ ಹೇಳಲೇಬೇಕು: ಆಸ್ವಾನಿನ ದೊಡ್ಡ ಅಣೆಕಟ್ಟಿನ ಹಿನ್ನೀರಿನಲ್ಲಿ ಎರಡನೇ ರಾಮ್ಸೆಸ್ ರಾಜನ ಈ ಗುಡಿ ಮುಳುಗುವುದಿತ್ತು. 1964ರಿಂದ 1968ರ ಒಳಗೆ ಬಂಡೆಯನ್ನೇ ತುಂಡು ತುಂಡಾಗಿ ಕೊಯ್ದು, 65 ಮೀಟರ್ ಮೇಲೆ ತಂದು ಮತ್ತೆ ಜೋಡಿಸಿದರು. ಅದೇ ನೀರಿಗೆ ನೂಬಿಯಾದ ಜನ ತಮ್ಮ ಹಳ್ಳಿಗಳನ್ನು ಬಿಟ್ಟರು. ಕೃಷ್ಣೆಯ ಹಿನ್ನೀರಿಗೆ ಊರು ಬಿಟ್ಟವರ ಮನೆಯವರು ನಿಮ್ಮ ಗುಂಪಿನಲ್ಲಿದ್ದರೆ ಅವರು ಅಲ್ಲಿ ನಿಂತು ನೋಡುವ ರೀತಿಯೇ ಬೇರೆ.

ಕಥೆ ಹೇಳುವವರು ಒಬ್ಬರು ಗುಂಪಿಗೆ ಬೇಕು. ಅಲ್ಲಿನ ಗೈಡು ಇಂಗ್ಲಿಷಿನಲ್ಲಿ ಹೇಳುತ್ತಾನೆ, ಬಿಸಿಲಲ್ಲಿ ಅರ್ಧ ಕಿವಿಗೆ ಬೀಳುವುದಿಲ್ಲ. ಹಿಂದಿನ ರಾತ್ರಿಯೇ ಊಟ ಆದ ಮೇಲೆ ಡೆಕ್ ಮೇಲೆ ಕೂತು ಮರುದಿನದ ದೇವಸ್ಥಾನದ ಕಥೆ ಕನ್ನಡದಲ್ಲಿ ಹೇಳಿಬಿಡಿ. ಸೇತ್ ಎಂಬ ದೇವರು ತನ್ನ ಅಣ್ಣ ಒಸಿರಿಸನನ್ನು ಕೊಂದು ತುಂಡು ಮಾಡಿ ಚೆಲ್ಲಿದ. ಒಸಿರಿಸನ ಹೆಂಡತಿ ಐಸಿಸ್ ಹುಡುಕಿ ಹುಡುಕಿ ತುಂಡುಗಳನ್ನು ಕೂಡಿಸಿದಳು. ಮಗ ಹೋರಸ್ ಚಿಕ್ಕಪ್ಪನ ಮೇಲೆ ಸೇಡು ತೀರಿಸಿಕೊಂಡ. ದಾಯಾದಿ ಜಗಳದ ಕಥೆ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಇಷ್ಟು ಗೊತ್ತಿದ್ದರೆ ಎಡ್ಫು ಊರಿನ ಗುಡಿಯ ಗೋಡೆಯಲ್ಲಿ ಹೋರಸ್ ಈಟಿ ಹಿಡಿದು ನೀರಾನೆಯ ರೂಪದ ಚಿಕ್ಕಪ್ಪನನ್ನು ಚುಚ್ಚುವುದನ್ನು ಅತ್ತಿಯೇ ಮೊದಲು ಗುರುತಿಸುತ್ತಾರೆ. ಆಸ್ವಾನಿನ ಹತ್ತಿರ ಫಿಲೇಯ ಐಸಿಸಳ ಗುಡಿ ಕಂಡಾಗಲೂ ಅಷ್ಟೇ.

ಎಡ್ಫುವಿನಲ್ಲಿ ಹಡಗಿನಿಂದ ಗುಡಿಗೆ ಕುದುರೆ ಗಾಡಿ. ಹತ್ತುವ ಮೊದಲೇ ಹೋಗಿಬರುವ ಬಾಡಿಗೆ ಮಾತಾಡಿ. ಕೊಮ್ ಒಂಬೊ ಗುಡಿ ದಂಡೆಯ ಮೇಲೇ ಇದೆ. ಮೊಣಕಾಲಿನವರೂ ಇಳಿಯಲಿ. ಒಂದೇ ಗುಡಿಯಲ್ಲಿ ಇಬ್ಬರು ದೇವರು, ಪಕ್ಕದ ಮ್ಯೂಸಿಯಂನಲ್ಲಿ ಒಣಗಿಸಿಟ್ಟ ಮೊಸಳೆಗಳು. ಎಸ್ನಾದಲ್ಲಿ ಹಡಗನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಲಾಕ್ ಗೇಟಿನ ಹತ್ತಿರ ಸಣ್ಣ ದೋಣಿಯವರು ಬಟ್ಟೆಯ ಪೊಟ್ಟಣಗಳನ್ನು ನೇರ ಡೆಕ್ಕಿಗೇ ಎಸೆಯುತ್ತಾರೆ. ಬೇಡ ಅಂದರೆ ವಾಪಸ್ ಎಸೆಯಬೇಕು. ಚೌಕಾಸಿಯ ಕೆಲಸ ವೈನಿಯರಿಗೆ ಬಿಡಿ.

ಬಕ್ಷೀಸು ಅಲ್ಲಿ ಹೆಜ್ಜೆ ಹೆಜ್ಜೆಗೂ. ಹಡಗು ಹತ್ತುವ ಮೊದಲೇ ಎಲ್ಲರಿಂದ ಸಮನಾಗಿ ದುಡ್ಡು ಎತ್ತಿ ಒಂದೇ ಚೀಲಕ್ಕೆ ಹಾಕಿ. ಒಬ್ಬರು ಚೀಲ ಹಿಡಿಯಲಿ, ಇನ್ನೊಬ್ಬರು ಬರೆಯಲಿ. ಎರಡೂ ಒಬ್ಬರೇ ಮಾಡಬಾರದು. ಚಿಲ್ಲರೆ ನೋಟು ಸಿಕ್ಕಷ್ಟೂ ಕೂಡಿಸಿ. ಪ್ರಮುಖ ಸ್ಮಾರಕಗಳ ಟಿಕೆಟ್ ಕೌಂಟರಿನಲ್ಲಿ ಹಲವು ಕಡೆ ಕಾರ್ಡ್ ಮಾತ್ರ ನಡೆಯುತ್ತದೆ.

ಊಟ ಹಡಗಿನದ್ದೇ, ನೀರು ಮತ್ತು ಪಾನೀಯಕ್ಕೆ ಬೇರೆ ದುಡ್ಡು ಇರಬಹುದು, ಕೇಳಿಕೊಳ್ಳಿ. ಸಸ್ಯಾಹಾರಿಗಳು ಚಿಂತೆ ಮಾಡಬೇಡಿ. ಅಕ್ಕಿ, ಮಸೂರ, ಪಾಸ್ತಾ, ಕಡಲೆ ಸೇರಿಸಿದ ಕೊಶರಿ, ಬೀನ್ಸಿನ ಫೂಲ್ ಸಿಗುತ್ತವೆ. ಆದರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ಸ್ವಾಗತಕ್ಕೆ ಕೊಡುವ ಕೆಂಪು ಶರಬತ್ತಿನ ಹೆಸರು ಕರ್ಕದೆ. ಅದು ನಮ್ಮ ಪುಂಡಿಪಲ್ಯದ ಬಳಗದ ಗಿಡದ್ದು. ಹೆದರದೆ ಕುಡಿಯಿರಿ.

ಲಕ್ಸರಿನಲ್ಲಿ ರಾಜರ ಕಣಿವೆಯ ಸಾಮಾನ್ಯ ಟಿಕೆಟ್ಟಿಗೆ ಮೂರು ಗೋರಿ. 1922ರಲ್ಲಿ ಸಿಕ್ಕ ತುತಂಖಾಮುನ್ ಗೋರಿಗೆ ಬೇರೆ ಟಿಕೆಟ್. ಅದು ಚಿಕ್ಕದು, ಅವನ ಶವ ಅಲ್ಲೇ ಇದೆ. ನನ್ನನ್ನು ಕೇಳಿದರೆ ಮೂರೇ ಸಾಕು. ಉಳಿದ ಶಕ್ತಿ ಸಂಜೆಯ ಲಕ್ಸರ್ ದೇವಸ್ಥಾನಕ್ಕೆ ಇರಲಿ. ಆ ಹಳೆಯ ಗುಡಿಯ ಒಳಗೇ ಅಬು ಅಲ್ ಹಗ್ಗಾಗ್ ಮಸೀದಿ ಇದೆ, ಇವತ್ತಿಗೂ ನಮಾಜು ನಡೆಯುತ್ತದೆ. ಬಂದೇ ನವಾಜರ ದರ್ಗಾಕ್ಕೂ ಶರಣಬಸಪ್ಪನ ಗುಡಿಗೂ ಹೋಗುವ ನಮ್ಮವರು ಅಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ. ಸಮಯ ಇಟ್ಟುಕೊಳ್ಳಿ.

ಕೊನೆಯ ದಿನ ನಾಷ್ಟಾ ಆಗುತ್ತಲೇ ಕೋಣೆ ಬಿಡಬೇಕು, ವಿಮಾನ ರಾತ್ರಿ ಇದ್ದರೂ. ದೊಡ್ಡ ಚೀಲಗಳನ್ನು ಹಡಗಿನವರು ಇಟ್ಟುಕೊಳ್ಳುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ಆ ಚೀಲಕ್ಕೆ ಹಾಕಬೇಡಿ, ಕೈಯಲ್ಲೇ ಇರಲಿ.