ಪೊಲೀಸರ ಯೂನಿಯನ್ ಕಟ್ಟುವ ಆಸೆ ಇದ್ದರೆ ಮೊದಲು ಇದನ್ನು ಓದಿ

ಶಿವಮೊಗ್ಗದಲ್ಲಿ ಗಣಪತಿ ಮೆರವಣಿಗೆ ಬಂದೋಬಸ್ತಿಗೆ ನಿಂತ ಪೊಲೀಸ್ ಕಾನ್‌ಸ್ಟೇಬಲ್‌ರನ್ನು "ಮನೆಗೆ ಯಾವಾಗ ಹೋಗ್ತೀರಿ ಸಾರ್" ಅಂತ ಕೇಳಿ ನೋಡಿ, ಸುಮ್ನೆ ನಗುತ್ತಾರೆ. ಇವರಿಗೊಂದು ಯೂನಿಯನ್ ಬೇಕು ಅಂತ ನಿಮಗೂ ಅನ್ನಿಸಿರಬಹುದು. ಆದರೆ ಠಾಣೆ ಮುಂದೆ ಕರಪತ್ರ ಹಂಚಲು ಹೊರಡಬೇಡಿ.

1966ರ ಕೇಂದ್ರ ಕಾಯ್ದೆಯೊಂದಿದೆ. ಅದರ ಪ್ರಕಾರ ಅನುಮತಿ ಇಲ್ಲದೆ ಯೂನಿಯನ್ ಸೇರಿದ ಪೊಲೀಸರಿಗೆ 2 ವರ್ಷದವರೆಗೆ ಜೈಲು, 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಂವಿಧಾನದ 33ನೇ ವಿಧಿ ಇದಕ್ಕೆ ಬಲ ಕೊಡುತ್ತದೆ. ಹೊರಗಿನವರೂ ಪೊಲೀಸರನ್ನು ಕೆಲಸ ಬಿಡಿ ಅಂತ ಎತ್ತಿಕಟ್ಟಿದರೆ 1922ರ ಇನ್ನೊಂದು ಕಾಯ್ದೆ ಕಾಯುತ್ತಿರುತ್ತದೆ, ಅಂದರೆ ನೀವೂ ಸಿಕ್ಕಿಬೀಳಬಹುದು. ಹಾಗಂತ ದಾರಿ ಪೂರ್ತಿ ಮುಚ್ಚಿಲ್ಲ. ಪಕ್ಕದ ಕೇರಳದಲ್ಲಿ ಸರ್ಕಾರದ ಮಾನ್ಯತೆ ಇರುವ ಪೊಲೀಸ್ ಅಸೋಸಿಯೇಷನ್ ಇದೆ. ಬ್ರಿಟನ್ನಿನಲ್ಲಿ 1919ರಲ್ಲೇ ಪೊಲೀಸರಿಗೆ ಯೂನಿಯನ್ ಬೇಡ ಅಂದು, ಬದಲಿಗೆ ಪೊಲೀಸ್ ಫೆಡರೇಷನ್ ಅನ್ನುವ ಸಂಘ ಕೊಟ್ಟರು.

ನಮ್ಮ ಕರ್ನಾಟಕದಲ್ಲಿ 2016ರ ಜೂನ್ 4ಕ್ಕೆ ಪೊಲೀಸರ ಸಾಮೂಹಿಕ ರಜೆಯ ಕರೆ ಬಂದಿದ್ದು ನೆನಪಿದೆ ಅಲ್ವಾ? ಕರೆ ಕೊಟ್ಟ ಸಂಘದ ಮುಖಂಡರ ಮೇಲೆ ರಾಜದ್ರೋಹದ ಕೇಸು ಬಿತ್ತು. ಆದರೆ ಸಂಬಳದ ವಿಷಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿಗೆ ಹೋಯಿತು, 2019ರಲ್ಲಿ ಪರಿಷ್ಕರಣೆಯ ಆದೇಶವೂ ಬಂತು. ನನ್ನ ಲೆಕ್ಕದಲ್ಲಿ ಇಲ್ಲಿ ಕೂಗಿಗಿಂತ ಕಡತಕ್ಕೇ ಜಾಸ್ತಿ ಬಲ. ಹಾಗಾಗಿ ನಿವೃತ್ತರ ಜೊತೆ, ಕ್ವಾರ್ಟರ್ಸಿನ ಕುಟುಂಬಗಳ ಜೊತೆ ಕೂತು ವಾರದ ರಜೆ, ಸೋರುವ ಮನೆ ಇಂಥವನ್ನೆಲ್ಲ ಬರೆದುಕೊಂಡು ಮನವಿ ಮಾಡಿಸಿ. ಕೆಲಸದಲ್ಲಿರುವವರ ಸಹಿ ಮಾತ್ರ ಹಾಕಿಸಬೇಡಿ, ಮೆಮೊ ಬರುವುದು ಅವರಿಗೆ, ನಿಮಗಲ್ಲ.

ಯೂನಿಯನ್ ಕಟ್ಟುವ ಕಸುಬು ಕಲಿಯಬೇಕಾದರೆ ಖಾಸಗಿ ಸೆಕ್ಯೂರಿಟಿ ಗಾರ್ಡುಗಳಿಂದ ಶುರು ಮಾಡಿ. ಅವರಿಗೆ ಯೂನಿಯನ್ ಕಟ್ಟಲು ಅಡ್ಡಿಯಿಲ್ಲ, ನೋಂದಣಿಗೆ ಅರ್ಜಿ ಹಾಕಲು ಕನಿಷ್ಠ 7 ಜನ ಬೇಕು. ಶಿಫ್ಟ್ ಬದಲಾಗುವ ಹೊತ್ತಿಗೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಹೋಗಿ, ಗೇಟಿನಿಂದ ಸ್ವಲ್ಪ ದೂರದ ಟೀ ಅಂಗಡಿಯಲ್ಲಿ ಕೂತುಕೊಳ್ಳಿ. ಭಾಷಣ ಬೇಡ. "ಅಣ್ಣಾ, ಸಂಬಳದ ಚೀಟಿ ಇದೆಯಾ?" ಅಂತ ಕೇಳಿ. ಪಿಎಫ್ ಅಂತ 12% ಹಿಡಿದಿದ್ದರೆ ಅವರ ಮೊಬೈಲಿನಲ್ಲೇ ಪಾಸ್‌ಬುಕ್ ತೆಗೆಸಿ, ಆ ತಿಂಗಳ ದುಡ್ಡು ಜಮಾ ಆಗಿದೆಯಾ ನೋಡಿ. 21,000ದೊಳಗಿನ ಸಂಬಳಕ್ಕೆ ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಇದೆಯಾ? 12 ಗಂಟೆ ನಿಂತವರಿಗೆ ಹಾಜರಿ ಪುಸ್ತಕದಲ್ಲಿ 8 ಗಂಟೆ ಬರೆದಿದ್ದಾರಾ? ಒಬ್ಬರ ಪಿಎಫ್ ಸರಿಮಾಡಿಸಿಕೊಟ್ಟರೆ ಸಾಕು, ಮುಂದಿನ ವಾರ ಅವರೇ ನಾಲ್ಕು ಜನರನ್ನು ಕರೆದುಕೊಂಡು ಬರುತ್ತಾರೆ.

ಇದರಲ್ಲಿ ದುಡ್ಡು ಕಮ್ಮಿ, ಅದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ಸದಸ್ಯತ್ವದ ಚಂದಾದಲ್ಲಿ ಹೊಟ್ಟೆ ತುಂಬುವುದಿಲ್ಲ. ಪೂರ್ಣಾವಧಿ ಕಾರ್ಯಕರ್ತರನ್ನು ಇಟ್ಟುಕೊಳ್ಳುವುದು ಸಿಐಟಿಯು, ಎಐಟಿಯುಸಿ, ಬಿಎಂಎಸ್ ತರಹದ ದೊಡ್ಡ ಕಾರ್ಮಿಕ ಸಂಘಟನೆಗಳು. ಎಲ್‌ಎಲ್‌ಬಿ ಮಾಡಿಕೊಂಡರೆ ಕಾರ್ಮಿಕ ಕೇಸುಗಳಿಂದ ಒಂದಿಷ್ಟು ಸಂಪಾದನೆಯೂ ಆಗುತ್ತದೆ. ಮತ್ತೆ, ಭದ್ರಾವತಿ ಹತ್ತಿರವೇ ಇದೆಯಲ್ಲ. 2023ರಲ್ಲಿ ಅಲ್ಲಿನ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಧರಣಿ ಕೂತ ಗುತ್ತಿಗೆ ಕಾರ್ಮಿಕರು ಅಲ್ಲಿದ್ದಾರೆ. ಹೋಗಿ ಮಾತಾಡಿಸಿ, ದಿನಾ ಜನರನ್ನು ಹೇಗೆ ಸೇರಿಸುತ್ತಿದ್ದರು, ಊಟದ ಖರ್ಚು ಯಾರು ನೋಡಿಕೊಂಡರು ಅಂತ ಕೇಳಿ.