ಎಸ್‌ಆರ್‌ಸಿ-3 ಚಿಪ್: ಮೊದಲು ಡಿಎಸ್‌ಜಿ, ಆಮೇಲೆ ಫಾರ್ಮಾಲ್ಡಿಹೈಡ್

ಚಿಪ್ ಎಂದರೆ ಒಂದು ಪ್ರೋಟೀನ್ ಡಿಎನ್‌ಎಯ ಯಾವ ಜಾಗದಲ್ಲಿ ಕೂತಿದೆ ಎಂದು ಆ್ಯಂಟಿಬಾಡಿಯಿಂದ ಹಿಡಿದು ನೋಡುವ ಪ್ರಯೋಗ. ಕೋಆಕ್ಟಿವೇಟರ್‌ಗೆ (ರಿಸೆಪ್ಟರ್‌ಗೆ ಅಂಟಿಕೊಂಡು ಜೀನ್ ಚುರುಕಾಗಿಸುವ ಪ್ರೋಟೀನ್; ಎಸ್‌ಆರ್‌ಸಿ-3 ಅಂಥದ್ದೊಂದು) ಚಿಪ್ ಮಾಡಿ ದುಡ್ಡು ಕಳೆಯಬೇಡ, ರಿಸೆಪ್ಟರ್‌ಗೆ ಮಾಡಿದರೆ ಸಾಕು ಎಂದವರೇ ಹೆಚ್ಚು. ಈಗ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ, ಈಸ್ಟ್ರೋಜನ್‌ಗೆ ಸ್ಪಂದಿಸುವ ಟಿಎಫ್‌ಎಫ್1 ಜೀನ್‌ನ ಪ್ರೊಮೋಟರ್ (ಜೀನ್ ಶುರು ಮಾಡುವ ಜಾಗ) ಮೇಲೆ ಎಸ್‌ಆರ್‌ಸಿ-3, ಏನನ್ನೂ ಗುರಿ ಹಿಡಿಯದ ಹೋಲಿಕೆಯ ಆ್ಯಂಟಿಬಾಡಿ ಐಜಿಜಿಗಿಂತ ಹತ್ತು-ಹನ್ನೆರಡು ಪಟ್ಟು ಬರುತ್ತಿದೆ. ಮೂರು ಸಲವೂ ಅಷ್ಟೇ ಬಂತು.

ಬರೀ 1% ಫಾರ್ಮಾಲ್ಡಿಹೈಡ್‌ನಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಸೊಗಸಾಗಿ ಸಿಗುತ್ತಿತ್ತು, ಎಸ್‌ಆರ್‌ಸಿ-3 ಒಂದೂವರೆ ಪಟ್ಟು ದಾಟುತ್ತಿರಲಿಲ್ಲ. ಆ್ಯಂಟಿಬಾಡಿಯದ್ದೇ ತಪ್ಪು ಎಂದುಕೊಂಡು ಮೂರು ಬೇರೆ ಬೇರೆ ತರಿಸಿದೆ, ಒಂದೊಂದಕ್ಕೂ ನಲವತ್ತು ಸಾವಿರದ ಆಸುಪಾಸು. ಅಷ್ಟೂ ದಂಡ. ಈಗ ಕೆಲಸ ಮಾಡುತ್ತಿರುವುದು ಮೊದಲು ಕೊಂಡದ್ದೇ. ಡಿಎನ್‌ಎ ಹಿಡಿಯುವುದು ರಿಸೆಪ್ಟರ್. ಎಸ್‌ಆರ್‌ಸಿ-3 ಅದಕ್ಕೆ ಜೋತುಬಿದ್ದಿರುತ್ತದೆ, ಪಿ300 ಎಂಬ ಇನ್ನೊಂದು ಪ್ರೋಟೀನ್ ಎಸ್‌ಆರ್‌ಸಿಗೆ. ಪ್ರೋಟೀನ್-ಪ್ರೋಟೀನ್ ಹಿಡಿತ ಗಟ್ಟಿಯಾಗದೆ ತೊಳೆಯುವಾಗಲೇ ಎಲ್ಲ ಕಳಚಿ ಹೋಗುತ್ತಿತ್ತು.

ಆ ಹಿಡಿತ ಗಟ್ಟಿ ಮಾಡಿದ್ದು ಡಿಎಸ್‌ಜಿ, ಪ್ರೋಟೀನ್‌ಗಳನ್ನು ಒಂದಕ್ಕೊಂದು ಬೆಸೆಯುವ ರಾಸಾಯನಿಕ: 2 ಮಿಲಿಮೋಲಾರ್, ಪಿಬಿಎಸ್ ಎಂಬ ಉಪ್ಪಿನ ಬಫರ್‌ನಲ್ಲಿ, ರೂಮ್ ಟೆಂಪರೇಚರ್‌ನಲ್ಲಿ 40 ನಿಮಿಷ. ಪಿಬಿಎಸ್ ತೊಳೆತ, ಆಮೇಲೆ ಫಾರ್ಮಾಲ್ಡಿಹೈಡ್ 10 ನಿಮಿಷ, ಕೊನೆಗೆ ಬೆಸುಗೆ ನಿಲ್ಲಿಸಲು 125 ಮಿಲಿಮೋಲಾರ್ ಗ್ಲೈಸಿನ್. 50 ಮಿಲಿಗ್ರಾಂ ಡಿಎಸ್‌ಜಿಗೆ 770 ಮೈಕ್ರೋಲೀಟರ್‌ನಷ್ಟು ಡಿಎಂಎಸ್‌ಒ ಹಾಕಿದರೆ 200 ಮಿಲಿಮೋಲಾರ್ ಆಗುತ್ತದೆ. ಅವತ್ತಿನದು ಅವತ್ತೇ ಮುಗಿಯಬೇಕು. ಉಳಿದದ್ದನ್ನು ಫ್ರೀಜರ್‌ನಲ್ಲಿಟ್ಟು ಮರುವಾರ ಹಾಕಿ ಒಂದು ಇಡೀ ಸೆಟ್ ಹಾಳಾಯಿತು. ವಯಲ್ ತಣ್ಣಗಿರುವಾಗ ಮುಚ್ಚಳ ತೆಗೆದರೆ ತೇವ ಹಿಡಿದು ಅದೇ ಗತಿ. ತಣ್ಣನೆಯ ಪಿಬಿಎಸ್‌ಗೆ ಒಮ್ಮೆಲೇ ಸುರಿದರೆ ಬೆಳ್ಳಗೆ ಒಡೆಯುತ್ತದೆ. ಮೀಡಿಯಾದ ಅಮೈನ್‌ಗಳು ಡಿಎಸ್‌ಜಿಯನ್ನು ತಿಂದುಹಾಕುತ್ತವೆ, ಆದ್ದರಿಂದ ಅದಕ್ಕೂ ಮುಂಚೆ ಮೂರು ಸಲ ತೊಳೆಯಿರಿ. ಅಮೈನ್ ಇರುವ ಟ್ರಿಸ್ ಬಫರ್ ಕೂಡ ಹತ್ತಿರ ಸುಳಿಯಬಾರದು.

ಇದಾದ ಮೇಲೆ ಕ್ರೋಮ್ಯಾಟಿನ್ (ಪ್ರೋಟೀನ್ ಸಮೇತದ ಡಿಎನ್‌ಎ) ಸುಲಭಕ್ಕೆ ತುಂಡಾಗುವುದಿಲ್ಲ. ಹನ್ನೆರಡು ಸೈಕಲ್‌ಗೆ ಮುಗಿಯುತ್ತಿದ್ದ ಸೋನಿಕೇಶನ್ (ಶಬ್ದತರಂಗದಿಂದ ತುಂಡರಿಸುವುದು) ಇಪ್ಪತ್ತೈದಕ್ಕೆ ಹೋಯಿತು. ಜೆಲ್‌ನಲ್ಲಿ 200ರಿಂದ 500 ಬೇಸ್‌ಪೇರ್ ಕಾಣದೆ ಮುಂದೆ ಹೋಗಬೇಡಿ, ಉದ್ದ ತುಂಡುಗಳಿದ್ದರೆ ಪ್ರೋಟೀನ್ ಕೂರದ ನೆಗೆಟಿವ್ ಜಾಗದ ಸಿಗ್ನಲ್ಲೂ ಮೇಲೇರುತ್ತದೆ. ಸೋನಿಕೇಶನ್‌ಗೆ ಮುಂಚಿನ ಒಂದು ಸಣ್ಣ ಕೆಲಸ ಐದಾರು ಸೈಕಲ್ ಉಳಿಸಿತು. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಇಷ್ಟಕ್ಕೆಲ್ಲ ಮೊದಲು ಕೋಶಗಳನ್ನು ಹಾರ್ಮೋನ್ ಇಲ್ಲದೆ ಇಡಬೇಕು: ಫೀನಾಲ್ ರೆಡ್ (ಈಸ್ಟ್ರೋಜನ್‌ನಂತೆ ವರ್ತಿಸಬಲ್ಲ ಬಣ್ಣ) ಇಲ್ಲದ ಮೀಡಿಯಾ, ಚಾರ್ಕೋಲ್‌ನಿಂದ ಹಾರ್ಮೋನ್ ತೆಗೆದ ಸೀರಮ್, ಪೂರ್ತಿ ಮೂರು ದಿನ; ನಂತರ ಈಸ್ಟ್ರೋಜನ್ ಆಗಿ 10 ನ್ಯಾನೋಮೋಲಾರ್ ಈಸ್ಟ್ರಡೈಯಾಲ್, 45 ನಿಮಿಷ. ಒಂದೇ ದಿನಕ್ಕೆ ನಿಲ್ಲಿಸಿದಾಗ ಹಾರ್ಮೋನ್ ಹಾಕದ ಪ್ಲೇಟ್‌ನಲ್ಲೇ ಸಿಗ್ನಲ್ ಬಂತು.

ಅನುಮಾನಪಟ್ಟವರ ಬಾಯಿ ಕಟ್ಟಿಸಿದ್ದು ರಿಸೆಪ್ಟರ್ ತಡೆಯುವ ಔಷಧ 4-ಹೈಡ್ರಾಕ್ಸಿಟಮಾಕ್ಸಿಫೆನ್ ಹಾಕಿದ ಪ್ಲೇಟ್. ರಿಸೆಪ್ಟರ್ ಡಿಎನ್‌ಎ ಮೇಲೆ ಹಾಗೇ ಇತ್ತು, ಎಸ್‌ಆರ್‌ಸಿ-3 ನೆಲಕಚ್ಚಿತ್ತು. ಎಸ್‌ಆರ್‌ಸಿಯ ಎಲ್‌ಎಕ್ಸ್‌ಎಕ್ಸ್‌ಎಲ್‌ಎಲ್ ಎಂಬ ಅಮೈನೋ ಆಮ್ಲಗಳ ತುಣುಕು ಕೂರಬೇಕಾದ ತೋಡಿನ ಮೇಲೆ ರಿಸೆಪ್ಟರ್‌ನದೇ ಸುರುಳಿ ಭಾಗ ಹೆಲಿಕ್ಸ್-12 ಬಂದು ಕೂತರೆ ಹೀಗೇ ಆಗಬೇಕು. ಡಿಎಸ್‌ಜಿ ಅಂಟಿನಿಂದ ಬಂದ ಸುಳ್ಳು ಸಿಗ್ನಲ್ ಆಗಿದ್ದರೆ ಇದು ಬೀಳುತ್ತಿರಲಿಲ್ಲ.

ನಡುವೆ ಡಿಎಸ್‌ಜಿ ಬದಲು ಇನ್ನೂ ಉದ್ದ ತೋಳಿನ ಇಜಿಎಸ್ ಎಂಬ ಬೆಸುಗೆ ರಾಸಾಯನಿಕ ಕೂಡ ನೋಡಿದೆ. ಪಿ300 ಸ್ವಲ್ಪ ಏರಿತು, ಎಸ್‌ಆರ್‌ಸಿ-3 ಕದಲಲಿಲ್ಲ. ಆ್ಯಂಟಿಬಾಡಿಯನ್ನು 5 ಮೈಕ್ರೋಗ್ರಾಂನಿಂದ 2ಕ್ಕೆ ಇಳಿಸಿದ್ದು ಮಾತ್ರ ಲಾಭ: ಒಂದು ಕೋಟಿ ಕೋಶಕ್ಕೆ ಅಷ್ಟು ಸಾಕಾಗುತ್ತದೆ.