ವಲಯ 7ರ ಮೂಳೆ: ಕರಗಿತೋ, ಕಾಲು ತಿರುಗಿತೋ

ಸೊಂಟದ ಕೀಲು ಬದಲಿಸುವಾಗ ತೊಡೆಮೂಳೆಯ ಟೊಳ್ಳಿನೊಳಗೆ ಇಳಿಸುವ ಲೋಹದ ಕಾಂಡವೇ ಸ್ಟೆಮ್. ಸಿಮೆಂಟ್ ಇಲ್ಲದ ಸ್ಟೆಮ್ ಕೂರಿಸಿದ ಮೇಲೆ ತೊಡೆಮೂಳೆಯ ಮೇಲ್ಭಾಗ ಸ್ವಲ್ಪ ಕರಗುವುದು ಮಾಮೂಲು. ಮೂಳೆಯ ಗಟ್ಟಿ ಚಿಪ್ಪಿನ ಬಿಗುಪು (ಬಾಗದೆ ತಡೆಯುವ ಗುಣ) ಸುಮಾರು 17 ಗಿಗಾಪ್ಯಾಸ್ಕಲ್, ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ಕೋಬಾಲ್ಟ್-ಕ್ರೋಮ್‌ನದು 200ಕ್ಕೂ ಮೇಲೆ. ಹೀಗಾಗಿ ಭಾರವೆಲ್ಲ ಲೋಹದೊಳಗೆ ಇಳಿದು ಕೆಳಗೆಲ್ಲೋ ಮೂಳೆಗೆ ಸೇರುತ್ತದೆ. ಮೇಲೆ ಒಳಬದಿಯ ಮೂಳೆ ಕೆಲಸವಿಲ್ಲದೆ ತೆಳ್ಳಗಾಗುತ್ತದೆ. 1979ರಲ್ಲಿ ಗ್ರುಯೆನ್ ಮತ್ತು ಸಂಗಡಿಗರು ಸ್ಟೆಮ್ ಸುತ್ತ ಗುರುತಿಸಿದ 7 ವಲಯಗಳಲ್ಲಿ ಇದು ಏಳನೆಯದು. ಎಲ್ಲರೂ ಮೊದಲು ನೋಡುವುದು ಅಲ್ಲಿಯೇ, ಮೋಸ ಹೋಗುವುದೂ ಅಲ್ಲಿಯೇ.

ಮೊದಲ ಡೆಕ್ಸಾ ಸ್ಕ್ಯಾನನ್ನು (ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ) ನಾನು ಶಸ್ತ್ರಚಿಕಿತ್ಸೆಯಾದ ಒಂದು ವಾರದೊಳಗೆ ಮಾಡಿಸುತ್ತೇನೆ. ಆಮೇಲೆ 3, 6, 12, 24ನೇ ತಿಂಗಳು. ಮೊದಲನೆಯದು ಮೂರು ತಿಂಗಳಿಗೆ ಸರಿದರೆ, ದೊಡ್ಡ ಇಳಿಕೆಯ ಒಂದು ಪಾಲು ಲೆಕ್ಕಕ್ಕೇ ಬರುವುದಿಲ್ಲ. ಆಪರೇಷನ್‌ಗೆ ಮುಂಚಿನ ಡೆಕ್ಸಾ ಇಲ್ಲಿ ಉಪಯೋಗಕ್ಕಿಲ್ಲ: ಉಜ್ಜಿ ತೆಗೆದ ಮೂಳೆಯೂ ಅದರಲ್ಲಿ ಸೇರಿರುತ್ತದೆ.

ಕಾಲಿನ ಭಂಗಿಯೇ ಅರ್ಧ ಕೆಲಸ. ಮಂಡಿಚಿಪ್ಪು ನೇರ ಮೇಲೆ ನೋಡಬೇಕು, ಪಾದವನ್ನು ಚೌಕಟ್ಟಿಗೆ ಪಟ್ಟಿಯಿಂದ ಕಟ್ಟಬೇಕು. ನೋವಿದ್ದವರು ಅರಿವಿಲ್ಲದೆ ಕಾಲನ್ನು ಹೊರಕ್ಕೆ ತಿರುಗಿಸಿ ಮಲಗುತ್ತಾರೆ. ಪರೀಕ್ಷೆ ಸುಲಭ: ಎರಡು ಚಿತ್ರಗಳಲ್ಲಿ ತೊಡೆಮೂಳೆಯ ಒಳಬದಿಯ ಸಣ್ಣ ಗುಬುಟು ಒಂದೇ ಗಾತ್ರದಲ್ಲಿ ಕಾಣುತ್ತದೆಯೇ ನೋಡಿ. ಒಂದರಲ್ಲಿ ಅದು ಹೆಚ್ಚು ಉಬ್ಬಿ ಕಂಡರೆ ಕಾಲು ಹೊರಕ್ಕೆ ತಿರುಗಿದೆ. ಆಗ ಸಂಖ್ಯೆ ಓದಬೇಡಿ, ಸ್ಕ್ಯಾನ್ ಮತ್ತೆ ಮಾಡಿ.

ಎಷ್ಟು ಇಳಿದರೆ ನಿಜವಾದ ಇಳಿಕೆ ಎನ್ನುವುದನ್ನು ನಿಮ್ಮ ಯಂತ್ರ, ನಿಮ್ಮ ತಂತ್ರಜ್ಞರಿಂದಲೇ ಕಂಡುಕೊಳ್ಳಬೇಕು. 30 ಜನರಿಗೆ ಎರಡೆರಡು ಸಲ ಸ್ಕ್ಯಾನ್ ಮಾಡಿ, ನಡುವೆ ಮೇಜಿನಿಂದ ಇಳಿಸಿ ಮತ್ತೆ ಮಲಗಿಸಿ. ಎರಡು ಸಲದ ಅಂಕಿಗಳು ಎಷ್ಟು ಚದುರಿವೆ ಎಂಬ, ವಲಯವಾರು ಬಂದ ದೋಷವನ್ನು 2.77ರಿಂದ ಗುಣಿಸಿ. ವಲಯ 7ರಲ್ಲಿ ದೋಷ 3% ಇದ್ದರೆ 8.3%ಕ್ಕಿಂತ ಕಡಿಮೆ ಇಳಿಕೆಯನ್ನು ನಷ್ಟ ಎಂದು ಬರೆಯುವಂತಿಲ್ಲ.

ಎಷ್ಟು ಇಳಿಯಿತೆಂದು ಡೆಕ್ಸಾ ಹೇಳುತ್ತದೆ. ಭಾರ ಎಲ್ಲಿ ಹರಿಯುತ್ತದೆಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಕಟ್ಟಲು ಸಿಟಿ ಸ್ಕ್ಯಾನ್ ಬೇಕು. ಚಿತ್ರದ ಪ್ರತಿ ಚೂರಿನ ದಪ್ಪ 1 ಮಿಲಿಮೀಟರ್ ಒಳಗೆ, ರೋಗಿಯ ಕೆಳಗೆ ಹೈಡ್ರಾಕ್ಸಿಅಪಟೈಟ್ (ಮೂಳೆಯ ಖನಿಜ) ಕಡ್ಡಿಗಳ ಫ್ಯಾಂಟಮ್, ಅಂದರೆ ಸಾಂದ್ರತೆ ಗೊತ್ತಿರುವ ಹೋಲಿಕೆಯ ತುಂಡು. ಸಿಟಿಯ ಸಾಂದ್ರತೆ ಸಂಖ್ಯೆಯಾದ ಹೌನ್ಸ್‌ಫೀಲ್ಡ್‌ನ ಮಾಮೂಲಿ ಮಾಪನ 3071ಕ್ಕೆ ನಿಂತುಬಿಡುತ್ತದೆ, ಲೋಹ ಅದಕ್ಕಿಂತ ಬಹಳ ಮೇಲಿದೆ. ವಿಸ್ತೃತ ಮಾಪನದಲ್ಲಿ ಉಳಿಸಿಕೊಡಲು ಮೊದಲೇ ಹೇಳಿಡಿ, ಆಮೇಲೆ ಕೇಳಿದರೆ ಸಿಗುವುದು ಕಷ್ಟ. ಇಷ್ಟಾದರೂ ಲೋಹಕ್ಕೆ ಅಂಟಿದ 2–3 ಮಿಲಿಮೀಟರ್ ಪದರವನ್ನು ನಾನು ಸಾಂದ್ರತೆಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿನ ಬೆಳಕು, ಕತ್ತಲು ಎರಡೂ ಲೋಹದ್ದೇ ಕಿತಾಪತಿ.

ಹಳೆ, ಹೊಸ ಸಿಟಿಗಳನ್ನು ಒಂದರ ಮೇಲೊಂದು ಕೂರಿಸುವಾಗ ಸ್ಟೆಮ್ಮನ್ನು ಆಧಾರ ಮಾಡಿಕೊಳ್ಳಬಾರದು. ಸ್ಟೆಮ್ 2 ಮಿಲಿಮೀಟರ್ ಕುಸಿದಿದ್ದರೆ ಆ ಕುಸಿತ ಮರೆಯಾಗಿ, ಮೂಳೆಯೇ ಬದಲಾದ ಹಾಗೆ ತೋರುತ್ತದೆ. ಮೂಳೆಯನ್ನೇ ಹಿಡಿಯಬೇಕು. ಆದರೆ ತೊಡೆಮೂಳೆಯ ನಡು ಪೈಪಿನಂತೆ ದುಂಡಗೆ, ಅಕ್ಷದ ಸುತ್ತ ಜಾರುತ್ತದೆ. ಅದಕ್ಕೇ ಮಂಡಿಯ ಬಳಿ ತೊಡೆಮೂಳೆಯ ಎರಡು ಗುಂಡುಗಳನ್ನೂ ಕೆಲವು ಚೂರುಗಳಲ್ಲಿ ಸೇರಿಸಿಕೊಳ್ಳುತ್ತೇನೆ. ಮೂಳೆಯನ್ನು ಚಿತ್ರದಿಂದ ಬೇರ್ಪಡಿಸಲು, ಸಿಟಿಗಳನ್ನು ಜೋಡಿಸಲು ಎರಡಕ್ಕೂ 3ಡಿ ಸ್ಲೈಸರ್ ತಂತ್ರಾಂಶ ಸಾಕು, ದುಡ್ಡು ಕೊಡಬೇಕಿಲ್ಲ.

ಲೆಕ್ಕಕ್ಕೆ ಮೂಳೆಯನ್ನು ಸಣ್ಣ ತುಂಡುಗಳ ಜಾಲವಾಗಿ ಒಡೆಯಬೇಕು: ಹತ್ತು ಬಿಂದುಗಳ ಚತುಷ್ಫಲಕ, ಅಂಚು ಸುಮಾರು 2 ಮಿಲಿಮೀಟರ್. ಸ್ಟೆಮ್ಮಿನ ಆಕಾರವನ್ನು ಸಿಟಿಯಿಂದ ತೆಗೆಯಬೇಡಿ, ಊದಿಕೊಂಡು ಬರುತ್ತದೆ. ಅದೇ ಅಳತೆಯ ಕ್ಯಾಡ್ (ಕಂಪ್ಯೂಟರ್ ವಿನ್ಯಾಸದ) ಮಾದರಿಯನ್ನು ಕೂರಿಸಿ. ಸಾಂದ್ರತೆಯಿಂದ ಬಿಗುಪಿಗೆ ನಾನು ಬಳಸುವ ಸೂತ್ರ 6850 × ಸಾಂದ್ರತೆಯ 1.49ನೇ ಘಾತ, ಉತ್ತರ ಮೆಗಾಪ್ಯಾಸ್ಕಲ್‌ನಲ್ಲಿ. ಇದರಲ್ಲಿ ಸಾಂದ್ರತೆ ಎಂದರೆ ತೋರಿಕೆಯ ಸಾಂದ್ರತೆ (ರಂಧ್ರಗಳೂ ಸೇರಿದ ಗಾತ್ರಕ್ಕೆ ತೂಕ), ಘನ ಸೆಂಟಿಮೀಟರಿಗೆ ಗ್ರಾಂನಲ್ಲಿ. ಬೂದಿ ಸಾಂದ್ರತೆ (ಸುಟ್ಟ ಮೇಲೆ ಉಳಿಯುವ ಖನಿಜದ್ದು) ಅದರ ಸುಮಾರು 0.6 ಪಾಲು. ಅದನ್ನೇ ಹಾಗೇ ತುಂಬಿದರೆ ಬಿಗುಪು ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಚಿತ್ರ ಮಾತ್ರ ಚೆಂದವಾಗಿಯೇ ಇರುತ್ತದೆ. ಹೊಸಬರ ಕಡತದಲ್ಲಿ ನಾನು ಮೊದಲು ಹುಡುಕುವ ತಪ್ಪು ಇದೇ.

ಭಾರಕ್ಕೆ 2001ರಲ್ಲಿ ಬರ್ಗ್‌ಮನ್ ತಂಡ ಪ್ರಕಟಿಸಿದ, ಕೀಲಿನೊಳಗೇ ಅಳೆದ ಅಂಕಿಗಳು: ನಡೆಯುವಾಗ ದೇಹತೂಕದ ಸುಮಾರು 238%, ಮೆಟ್ಟಿಲು ಹತ್ತುವಾಗ 251%. ಮೆಟ್ಟಿಲು ಸ್ಟೆಮ್ಮನ್ನು ತಿರುಚುತ್ತದೆ, ಅದನ್ನು ಬಿಡಬೇಡಿ. ಅಳತೆ ಕೊಟ್ಟವರು ನಾಲ್ಕೇ ರೋಗಿಗಳು, ಅದರಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು ಇಲ್ಲ. ನಮ್ಮ ಮನೆಗಳ ಹಿರಿಯರಿಗೆ ಇದನ್ನು ಅನ್ವಯಿಸುವಾಗ ನೆನಪಿರಲಿ.

ಮೂಳೆ ಭಾರಕ್ಕೆ ತಕ್ಕಂತೆ ತನ್ನನ್ನು ಬದಲಿಸಿಕೊಳ್ಳುವ ಮರುರಚನೆಯ ಲೆಕ್ಕದಲ್ಲಿ, ಅದೇ ಭಾರಕ್ಕೆ ಆಪರೇಷನ್‌ಗೆ ಮುಂಚಿನ ಮೂಳೆ ಎಷ್ಟು ವಿಕೃತಿ ಶಕ್ತಿ (ಆಕಾರ ಬದಲಾದಾಗ ಒಳಗೆ ಸೇರುವ ಶಕ್ತಿ) ಹೊರುತ್ತಿತ್ತು, ಈಗೆಷ್ಟು ಎಂದು ಚುಕ್ಕೆ ಚುಕ್ಕೆಗೂ ಹೋಲಿಸುತ್ತೇವೆ. ವ್ಯತ್ಯಾಸ ಒಂದು ಮಿತಿ ದಾಟುವವರೆಗೆ ಮೂಳೆ ಸುಮ್ಮನಿರುತ್ತದೆ ಎಂದು ಊಹೆ. ಆ ಮಿತಿಯನ್ನು 75%ಕ್ಕೆ ಇಟ್ಟರೆ ನಷ್ಟ ಒಳಮೂಲೆಗೆ ಸೀಮಿತ, 35%ಕ್ಕೆ ಇಳಿಸಿದರೆ ಕೆಳಗಿನ ವಲಯಗಳಿಗೂ ಹರಡುತ್ತದೆ. ಆದ್ದರಿಂದ ಎರಡನ್ನೂ ಓಡಿಸಿ, ಮಾದರಿಯ ಮೂಳೆಯನ್ನು ಡೆಕ್ಸಾದಂತೆ ಮುಂದಿನಿಂದ ಹಿಂದಕ್ಕೆ ಚಪ್ಪಟೆಯಾಗಿಸಿ, ಅದೇ 7 ವಲಯಗಳಲ್ಲಿ ಕೂಡಿಸಿ, 12ನೇ ತಿಂಗಳ ಸ್ಕ್ಯಾನ್ ಪಕ್ಕದಲ್ಲಿಡುತ್ತೇನೆ. ವಲಯ 7 ಒಂದೇ ತಾಳೆಯಾಗಿ, ಸ್ಟೆಮ್ ತುದಿಯ ಸುತ್ತಲಿನ 3, 4, 5 ತಾಳೆಯಾಗದಿದ್ದರೆ, ಮಿತಿಯನ್ನು ತಿದ್ದುವ ಮೊದಲು ಸ್ಟೆಮ್–ಮೂಳೆ ನಡುವಿನ ಸಂಪರ್ಕ ನೋಡಿ: ಲೇಪನವಿಲ್ಲದ ತುದಿಯನ್ನೂ ಅಂಟಿಸಿಟ್ಟಿರುತ್ತೀರಿ. ಅಲ್ಲಿ ಅಂಟು ಬಿಡಿಸಿ, ಜಾರಲು ಬಿಟ್ಟು ಮತ್ತೆ ಓಡಿಸಿ.